ವಿಟಮಿನ್ ಇ: ಆ ಹಸಿರು ಕ್ಯಾಪ್ಸೂಲ್ ಮನೆಮಂದಿಗೆಲ್ಲ ಬೇಕಾ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ನನಗೆ 46 ವರ್ಷ. ರಾತ್ರಿ ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಕೂದಲೂ ಉದುರುತ್ತಿದೆ. ಪರಿಚಯದವರೊಬ್ಬರು ಹೇಳಿದರೆಂದು ಎಂಟು ತಿಂಗಳಿಂದ ವಿಟಮಿನ್ ಇ 400 ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೇನೆ. ಕಾಲೇಜಿಗೆ ಹೋಗುವ ಮಗಳು ಅದನ್ನೇ ಒಡೆದು ಮುಖಕ್ಕೆ ಹಚ್ಚುತ್ತಾಳೆ. ಮಾವನಿಗೆ 74, ಎರಡು ವರ್ಷದ ಹಿಂದೆ ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿದ್ದೇವೆ. ಹೃದಯಕ್ಕೆ ಒಳ್ಳೆಯದಂತೆ ಎಂದು ಅವರಿಗೂ ದಿನಕ್ಕೊಂದು ಕೊಡುತ್ತೇನೆ. ನಾವು ಅಡುಗೆಗೆ ತೆಂಗಿನೆಣ್ಣೆ ಬಿಟ್ಟು ಬೇರೆ ಬಳಸುವುದಿಲ್ಲ. ಅದರಲ್ಲೇ ವಿಟಮಿನ್ ಇ ಬೇಕಾದಷ್ಟು ಉಂಟಲ್ವಾ? ಹಾಗಿದ್ದರೆ ಕ್ಯಾಪ್ಸೂಲ್ ಮುಂದುವರಿಸಬೇಕಾ? ಮನೆಯಲ್ಲಿ ಇನ್ನೂ ಎರಡು ಸ್ಟ್ರಿಪ್ ಉಂಟು.

ಉತ್ತರ: ಮೊದಲು ನಿಮ್ಮ ಮಾವನವರ ವಿಷಯ. ಉಳಿದದ್ದನ್ನು ಆಮೇಲೆ ನಿಧಾನಕ್ಕೆ ಮಾತಾಡೋಣ.

ಸ್ಟೆಂಟ್, ಎಂದರೆ ಹೃದಯದ ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ, ಹಾಕಿದವರಿಗೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತರಹದ ಮಾತ್ರೆ ಕೊಟ್ಟಿರುತ್ತಾರೆ. ನಮ್ಮ ಕಡೆ ಅದಕ್ಕೆ 'ರಕ್ತ ತೆಳು ಮಾಡುವ ಮಾತ್ರೆ' ಅಂತಲೇ ಹೆಸರು. ವಿಟಮಿನ್ ಇ ಜಾಸ್ತಿ ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಅದೂ ಅದೇ ಕೆಲಸಕ್ಕೆ ಇಳಿಯುತ್ತದೆ. ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು, ಅದರ ಕೆಲಸಕ್ಕೂ ಅಡ್ಡ ಬರುತ್ತದೆ. ಒಂದು ತೆಳು ಮಾಡುವ ಮಾತ್ರೆ, ಅದರ ಮೇಲೆ ಇನ್ನೊಂದು. ಹಾಗಾಗಿ ಅವರಿಗೆ ಕೊಡುವ ಕ್ಯಾಪ್ಸೂಲನ್ನು ಇವತ್ತೇ ನಿಲ್ಲಿಸಿ. ನಿಲ್ಲಿಸಬೇಕಾದ್ದು ವಿಟಮಿನ್ ಮಾತ್ರ. ಸ್ಟೆಂಟಿನ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ, ಅದು ತಪ್ಪಿದರೆ ಸ್ಟೆಂಟೇ ಕಟ್ಟಿಕೊಳ್ಳಬಹುದು. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತದಾ, ಮೈಮೇಲೆ ಸುಮ್ನೆ ನೀಲಿ ಕಲೆ ಏಳುತ್ತದಾ, ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತದಾ ಎಂದು ಕೇಳಿ ನೋಡಿ. ಇದ್ದರೆ ಕಾಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಾನು ಇಷ್ಟು ಅವಸರ ಮಾಡುವುದಕ್ಕೆ ಕಾರಣ ಉಂಟು. ಕೆಲವು ವರ್ಷದ ಹಿಂದೆ ಒಬ್ಬರು ಅಡಿಕೆ ಕೃಷಿಕರು ನನ್ನ ಕ್ಲಿನಿಕ್ಕಿಗೆ ಬಂದರು. ಹೃದಯದ ಕವಾಟ ಬದಲಾಯಿಸಿದವರು, ವಾರ್ಫರಿನ್ ಎಂಬ ರಕ್ತ ತೆಳು ಮಾಡುವ ಮಾತ್ರೆಯಲ್ಲಿದ್ದರು. ಬೆಳಗ್ಗೆ ಎದ್ದರೆ ದಿಂಬಿನ ಮೇಲೆ ರಕ್ತದ ಕಲೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡುವ ಪರೀಕ್ಷೆ ಮಾಡಿಸಿದೆ. ಇರಬೇಕಾದ ಮಟ್ಟಕ್ಕಿಂತ ತುಂಬ ಮೇಲಿತ್ತು. ಮಾತ್ರೆ ತಪ್ಪಾಗಿ ಎರಡೆರಡು ನುಂಗಿದಿರಾ? ಇಲ್ಲ. ಆಂಟಿಬಯಾಟಿಕ್? ಇಲ್ಲ. ಯಾವುದಾದರೂ ಕಷಾಯ, ಲೇಹ್ಯ? ಇಲ್ಲವೇ ಇಲ್ಲ. ಮುಕ್ಕಾಲು ಗಂಟೆ ಹೀಗೇ ಹೋಯಿತು. ಎದ್ದು ಹೋಗುವ ಹೊತ್ತಿಗೆ ಅವರ ಹೆಂಡತಿ ಸಂಚಿಯಿಂದ ಕನ್ನಡಕ ತೆಗೆದರು. ಅದರ ಜೊತೆಗೇ ಹಸಿರು ಗುಳಿಗೆಯ ಸ್ಟ್ರಿಪ್ ಒಂದು ನೆಲಕ್ಕೆ ಬಿತ್ತು. "ಇದು ಯಾರದ್ದು?" ಎಂದೆ. "ಇವರದ್ದೇ. ಇದು ಮದ್ದಲ್ಲ ಡಾಕ್ಟ್ರೆ, ವಿಟಮಿನ್. ಇದರಿಂದ ಎಂತ ಆಗ್ತದೆ?" ಎಂದರು ಆ ಅಮ್ಮ. ದಿನಕ್ಕೆ ಎರಡರಂತೆ ಮೂರು ತಿಂಗಳಾಗಿತ್ತು. ಕ್ಯಾಪ್ಸೂಲ್ ನಿಲ್ಲಿಸಿ, ವಾರ್ಫರಿನ್ ಪ್ರಮಾಣ ಸರಿ ಮಾಡಿದ ಮೇಲೆ ಪರೀಕ್ಷೆಯ ಅಂಕಿ ಇಳಿಯಿತು.

ಅವತ್ತಿನಿಂದ ನಾನು 'ಏನು ಮಾತ್ರೆ ತಗೊಳ್ತೀರಿ' ಎಂದು ಮಾತ್ರ ಕೇಳುವುದಿಲ್ಲ. 'ಮನೆಯಲ್ಲಿ ನುಂಗುವುದೆಲ್ಲ ತನ್ನಿ' ಎನ್ನುತ್ತೇನೆ. ವಿಟಮಿನ್ ಎಂದ ಕೂಡಲೇ ಅದು ಔಷಧಿಯ ಲೆಕ್ಕದಿಂದ ಹೊರಗೆ ಹೋಗಿಬಿಡುತ್ತದೆ. ನಿಮ್ಮ ಪತ್ರದಲ್ಲೂ ಹಾಗೇ ಆಗಿದೆ. ಮಾವನವರ ಉಳಿದ ಮಾತ್ರೆಗಳ ಹೆಸರೇ ನೀವು ಬರೆದಿಲ್ಲ.

ಇನ್ನು ತೆಂಗಿನೆಣ್ಣೆಯ ಪ್ರಶ್ನೆ. ನಮ್ಮೂರಲ್ಲಿ ತೆಂಗಿನೆಣ್ಣೆಗೆ ಒಂದು ಮಾತು ಕಡಿಮೆ ಹೇಳಿದರೆ ಮುಂದಿನ ಸಲ ಮನೆಗೆ ಕರೆಯುವುದಿಲ್ಲ, ಗೊತ್ತು. 1916ರಲ್ಲೇ ತೆಂಗಿನ ಸಂಶೋಧನೆಗೆ ಕೇಂದ್ರ ಶುರುವಾದ ಜಿಲ್ಲೆ ನಮ್ಮದು. ಆದರೂ ಇದ್ದದ್ದು ಹೇಳಬೇಕಲ್ಲ. ತೆಂಗಿನೆಣ್ಣೆಯಲ್ಲಿ ವಿಟಮಿನ್ ಇ ಇಲ್ಲ ಎನ್ನುವಷ್ಟು ಕಡಿಮೆ. 100 ಗ್ರಾಂ ಎಣ್ಣೆಗೆ ಸುಮಾರು 0.1 ಮಿಲಿಗ್ರಾಂ. ಅಷ್ಟೇ ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು 41 ಮಿಲಿಗ್ರಾಂ ಇರುತ್ತದೆ. ದಿನಕ್ಕೆ 10 ಮಿಲಿಗ್ರಾಂ ಬೇಕು ಎಂದುಕೊಂಡರೆ, ತೆಂಗಿನೆಣ್ಣೆಯಿಂದಲೇ ಅದನ್ನು ಪಡೆಯಲು 10 ಕಿಲೋ ಎಣ್ಣೆ ಕುಡಿಯಬೇಕು.

ಹೆದರಬೇಡಿ, ಇದರಲ್ಲಿ ಒಂದು ನ್ಯಾಯ ಉಂಟು. ಅದು ಅರ್ಥವಾಗಬೇಕಾದರೆ ವಿಟಮಿನ್ ಇ ಯಾಕೆ ಇರುವುದು ಎಂದು ಗೊತ್ತಾಗಬೇಕು.

ಎಣ್ಣೆ ಹಳೆಯದಾದರೆ ಕಮಟು ವಾಸನೆ ಬರುತ್ತದಲ್ಲ? ಸೂರ್ಯಕಾಂತಿ, ಕುಸುಬೆ, ಸೋಯಾ ತರಹದ ತೆಳು ಎಣ್ಣೆಗಳಿಗೆ ಗಾಳಿಯ ಆಮ್ಲಜನಕ ತಾಗಿದರೆ ಕಮಟು ಬೇಗ. ಒಂದು ಕಣಕ್ಕೆ ಹತ್ತಿದ್ದು ಪಕ್ಕದ ಕಣಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ. ಬೇಸಗೆಯಲ್ಲಿ ತೋಟದ ಮೂಲೆಯಲ್ಲಿ ಒಣ ಸೋಗೆ ರಾಶಿ ಹಾಕಿರುತ್ತೇವೆ. ಒಂದು ಕಿಡಿ ಬಿದ್ದರೆ ಸಾಕು, ಒಂದು ಸೋಗೆಯಿಂದ ಇನ್ನೊಂದಕ್ಕೆ ಹತ್ತುತ್ತಾ ಹೋಗುತ್ತದೆ. ಹಾಗೇ. ವಿಟಮಿನ್ ಇ ಆ ರಾಶಿಯ ನಡುನಡುವೆ ಇಟ್ಟ ಹಸಿ ಬಾಳೆದಿಂಡಿನಂತೆ. ಕಿಡಿ ಅದಕ್ಕೆ ಬಂದು ತಾಗುತ್ತದೆ, ಮುಂದೆ ಹೋಗುವುದಿಲ್ಲ. ತಾನು ಒಂದು ಹೈಡ್ರೋಜನ್ ಬಿಟ್ಟುಕೊಟ್ಟು ಆ ಸರಪಳಿಯನ್ನು ಅಲ್ಲಿಗೇ ಕಡಿಯುತ್ತದೆ. ಖರ್ಚಾದ ವಿಟಮಿನ್ ಇಯನ್ನು ವಿಟಮಿನ್ ಸಿ ಮತ್ತೆ ಕೆಲಸಕ್ಕೆ ಬರುವ ಹಾಗೆ ಮಾಡುತ್ತದೆ. ನೆಲ್ಲಿಕಾಯಿ, ಲಿಂಬೆ, ಪೇರಳೆಗೆ ಹೀಗೂ ಒಂದು ಉಪಯೋಗ.

ನಮ್ಮ ಮೈಯೊಳಗೂ ಇದೇ ಕಥೆ. ಪ್ರತಿ ಜೀವಕೋಶದ ಹೊರಪದರ ಕೊಬ್ಬಿನಿಂದ ಆದದ್ದು. ಅದರಲ್ಲಿ ಬೇಗ ಕಮಟುವ ಜಾತಿಯ ಕೊಬ್ಬೂ ಸೇರಿರುತ್ತದೆ. ಕೆಂಪು ರಕ್ತಕಣ, ನರ, ಕಣ್ಣಿನ ಒಳಪರದೆ ಇವಕ್ಕೆಲ್ಲ ಆ ಕಾವಲು ಬೇಕು. ವಿಟಮಿನ್ ಇಯ ಮುಖ್ಯ ಕೆಲಸ ಇದು. ರೋಗನಿರೋಧಕ ಕಣಗಳ ಕೆಲಸಕ್ಕೂ ಬೇಕಾಗುತ್ತದೆ. ಸಿಹಿ ಮಾತಿನ ಜಾಹೀರಾತಿನಲ್ಲಿ ಹೇಳುವ 'ಯೌವನ', 'ಕಾಂತಿ' ಎಲ್ಲ ಈ ಒಂದು ಗುಣವನ್ನು ಎಳೆದು ಎಳೆದು ಉದ್ದ ಮಾಡಿದ್ದು.

ಗಿಡಗಳು ಬುದ್ಧಿವಂತರು. ಬೇಗ ಕಮಟುವ ಎಣ್ಣೆ ಇರುವ ಬೀಜದಲ್ಲಿ ಕಾವಲನ್ನೂ ಜಾಸ್ತಿ ಇಟ್ಟಿರುತ್ತವೆ. ಸೂರ್ಯಕಾಂತಿ ಬೀಜ, ಬಾದಾಮಿ, ಗೋಧಿಯ ಮೊಳಕೆ ಭಾಗ ನೋಡಿ. ತೆಂಗಿನೆಣ್ಣೆಯಲ್ಲಿ ನೂರರಲ್ಲಿ 80ಕ್ಕಿಂತ ಜಾಸ್ತಿ ಭಾಗ ಗಟ್ಟಿ ಕೊಬ್ಬು, ಗಾಳಿಗೆ ಸುಲಭಕ್ಕೆ ಬಗ್ಗುವುದಲ್ಲ. ಅದಕ್ಕೆ ಕಾವಲುಗಾರ ಬೇಕಿಲ್ಲ, ಇಟ್ಟೂ ಇಲ್ಲ. ನಮ್ಮ ಶರೀರದ ಲೆಕ್ಕವೂ ಹಾಗೆಯೇ. ತೆಳು ಎಣ್ಣೆ ಜಾಸ್ತಿ ತಿಂದಷ್ಟು ವಿಟಮಿನ್ ಇ ಜಾಸ್ತಿ ಬೇಕಾಗುತ್ತದೆ. ತೆಂಗಿನೆಣ್ಣೆ ತಿನ್ನುವ ಮನೆಗೆ ವಿಟಮಿನ್ ಕೊಡುವುದೂ ಇಲ್ಲ, ಅಷ್ಟಾಗಿ ಕೇಳುವುದೂ ಇಲ್ಲ.

"ಹಾಗಾದರೆ ಮಳೆಗಾಲದಲ್ಲಿ ನಮ್ಮ ತೆಂಗಿನೆಣ್ಣೆ ಯಾಕೆ ವಾಸನೆ ಬರುತ್ತದೆ?" ಎಂದು ಕೇಳಬಹುದು. ಅದು ಬೇರೆ ಜಾತಿಯ ಹಾಳಾಗುವಿಕೆ. ಕೊಬ್ಬರಿ ಸರಿಯಾಗಿ ಒಣಗದೆ, ಬೂಸಲು ಹಿಡಿದು, ನೀರಿನಂಶ ಉಳಿದು ಎಣ್ಣೆ ಒಡೆಯುತ್ತದೆ. ಅದಕ್ಕೆ ವಿಟಮಿನ್ ಇ ಹಾಕಿ ಪ್ರಯೋಜನವಿಲ್ಲ. ಗಾಣಕ್ಕೆ ಕೊಡುವ ಮೊದಲು ಇನ್ನೆರಡು ಬಿಸಿಲು ಬೇಕಿತ್ತು, ಅಷ್ಟೇ.

ಆದರೆ ಮಾವನವರಿಗೆ ತೆಂಗಿನೆಣ್ಣೆ ಮಾತ್ರ ಸಾಕು ಎಂದು ನಾನು ಹೇಳಲಾರೆ. ಗಟ್ಟಿ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ಸ್ಟೆಂಟ್ ಹಾಕಿದವರ ಅಡುಗೆಗೆ ಅರ್ಧದಷ್ಟಾದರೂ ಅಕ್ಕಿ ತವಡಿನ ಎಣ್ಣೆ ಅಥವಾ ನೆಲಗಡಲೆ ಎಣ್ಣೆ ಬಳಸಿ. ಒಗ್ಗರಣೆಯ ಘಮಕ್ಕೆ ತೆಂಗಿನೆಣ್ಣೆ ಇರಲಿ, ಯಾರು ಬೇಡ ಎನ್ನುತ್ತಾರೆ. ತವಡಿನ ಎಣ್ಣೆಯ 100 ಗ್ರಾಂನಲ್ಲಿ ಸುಮಾರು 32 ಮಿಲಿಗ್ರಾಂ ವಿಟಮಿನ್ ಇ ಉಂಟು. ನೆಲಗಡಲೆ ಎಣ್ಣೆಯಲ್ಲಿ ಸುಮಾರು 15. ಯೋಚನೆ ಮಾಡಿ, ಅಕ್ಕಿಯ ತವಡನ್ನು ನಾವು ಹಟ್ಟಿಗೆ ಕೊಡುತ್ತೇವೆ, ಕ್ಯಾಪ್ಸೂಲನ್ನು ಮನೆಗೆ ತರುತ್ತೇವೆ. ದನಗಳ ವಿಷಯ ಬಂತಲ್ಲ, ಕರು ಹಾಕಿದ ಮೇಲೆ ಕಸ ಬೀಳದ ತೊಂದರೆ ಪದೇಪದೇ ಬರುವ ಹಟ್ಟಿಯಲ್ಲಿ ಪಶುವೈದ್ಯರು ವಿಟಮಿನ್ ಇ ಮತ್ತು ಸೆಲೆನಿಯಂ ಕೊಡುವುದುಂಟು. ಅಲ್ಲಿ ಅದು ನಿಜವಾಗಿ ಕೊರತೆಗೆ ಕೊಡುವ ಮದ್ದು.

ಈ ವಿಟಮಿನ್ ಗೊತ್ತಾದದ್ದೂ ಬಸಿರು ಬಾಣಂತನದ ದಾರಿಯಿಂದಲೇ. 1922ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಇಲಿಗಳಿಗೆ ಲೆಕ್ಕ ಹಾಕಿದ ಆಹಾರ ಕೊಟ್ಟು ನೋಡುತ್ತಿದ್ದರು. ಇಲಿಗಳು ಚೆನ್ನಾಗಿಯೇ ಬೆಳೆದವು, ಬಸಿರೂ ಆದವು. ಆದರೆ ಮರಿ ಹುಟ್ಟಲಿಲ್ಲ, ಹೊಟ್ಟೆಯೊಳಗೇ ಕರಗಿ ಹೋದವು. ಲೆಟ್ಯೂಸ್ ಸೊಪ್ಪು ಕೊಟ್ಟಾಗ ಸರಿಯಾಯಿತು. ಗೋಧಿಯ ಮೊಳಕೆ ಭಾಗ ಕೊಟ್ಟಾಗಲೂ ಸರಿಯಾಯಿತು. 1936ರಲ್ಲಿ ಗೋಧಿ ಮೊಳಕೆಯ ಎಣ್ಣೆಯಿಂದ ಅದನ್ನು ಬೇರ್ಪಡಿಸಿ 'ಟೋಕೋಫೆರಾಲ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದು ಹೆರಿಗೆಗೆ ಸಂಬಂಧಪಟ್ಟ ಪದ. 1938ರಲ್ಲಿ ಪಾಲ್ ಕಾರರ್ ಅದನ್ನು ಲ್ಯಾಬಿನಲ್ಲೇ ತಯಾರಿಸಿದರು.

ಹೆಸರೇ ಹೀಗಿದ್ದದ್ದಕ್ಕೋ ಏನೋ, ಮಕ್ಕಳಾಗದವರಿಗೆ, ಗರ್ಭ ನಿಲ್ಲದವರಿಗೆ ವಿಟಮಿನ್ ಇ ಎಂಬ ಮಾತು ಇನ್ನೂ ಓಡಾಡುತ್ತಿದೆ. ಇಲಿಗೆ ಆದದ್ದು ಕೊರತೆಯಿಂದ. ಕೊರತೆಯೇ ಇಲ್ಲದ ಹೆಂಗಸಿಗೆ ಕೊಟ್ಟು ಗರ್ಭಪಾತ ತಪ್ಪಿಸಬಹುದು ಎಂಬುದಕ್ಕೆ ಆಧಾರ ಸಿಕ್ಕಿಲ್ಲ.

ವಿಟಮಿನ್ ಇ ಎಂದರೆ ಒಂದೇ ವಸ್ತು ಅಲ್ಲ. ಎಂಟು ಅಣ್ಣತಮ್ಮಂದಿರ ಕುಟುಂಬ ಅದು. ನಾಲ್ಕು ಟೋಕೋಫೆರಾಲ್, ನಾಲ್ಕು ಟೋಕೋಟ್ರೈಯೆನಾಲ್. ಕರುಳು ಎಲ್ಲವನ್ನೂ ಒಳಗೆ ಬಿಡುತ್ತದೆ. ಆದರೆ ಲಿವರಿನಲ್ಲಿ ಒಂದು ಪ್ರೋಟೀನ್ ಬಾಗಿಲಲ್ಲಿ ನಿಂತು ಆಲ್ಫಾ ಟೋಕೋಫೆರಾಲ್ ಎಂಬ ಹಿರಿಯಣ್ಣನನ್ನು ಆರಿಸಿ ರಕ್ತಕ್ಕೆ ಕಳಿಸುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಹೊರದಾರಿ. ಈ ಪ್ರೋಟೀನ್ ಹುಟ್ಟಿನಿಂದಲೇ ಸರಿ ಇಲ್ಲದವರು ಬಹಳ ಅಪರೂಪಕ್ಕೆ ಇರುತ್ತಾರೆ. ಅವರು ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ನಡಿಗೆ ತೂರಾಡುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ಕಣ್ಣು ಮಂಜಾಗುತ್ತದೆ.

ನಿಜವಾದ ಕೊರತೆ ಬರುವುದು ಇಂಥವರಿಗೆ, ಮತ್ತೆ ಕೊಬ್ಬು ಜೀರ್ಣವಾಗದವರಿಗೆ. ಪಿತ್ತನಾಳ ಕಟ್ಟಿಕೊಂಡ ಮಕ್ಕಳು, ಕೆಲವು ಕರುಳಿನ ಕಾಯಿಲೆಯವರು, ತಿಂಗಳು ತುಂಬದೆ ಹುಟ್ಟಿದ ಮಗು. ನನ್ನ ಮೂವತ್ತು ವರ್ಷದ ವೈದ್ಯಕೀಯದಲ್ಲಿ ಬರೀ ಊಟದ ಕೊರತೆಯಿಂದ ವಿಟಮಿನ್ ಇ ಕಡಿಮೆಯಾಗಿ ಕಾಯಿಲೆ ಬಂದವರನ್ನು ಒಬ್ಬರನ್ನೂ ನೋಡಿಲ್ಲ. ರಕ್ತ ಕಡಿಮೆ ಇದ್ದವರನ್ನು ಸಾವಿರಗಟ್ಟಲೆ ನೋಡಿದ್ದೇನೆ. ವಿಟಮಿನ್ ಡಿ, ಬಿ12 ಕಡಿಮೆ ಇದ್ದವರೂ ಬೇಕಾದಷ್ಟು. ಆದರೂ ಜನ ಕೇಳಿ ಪಡೆಯುವುದು ಹಸಿರು ಕ್ಯಾಪ್ಸೂಲನ್ನೇ. ಹೊಳೆಯುತ್ತದೆ, ಮೆತ್ತಗೆ ಉಂಟು, ಒಡೆದರೆ ಎಣ್ಣೆ ಬರುತ್ತದೆ. ಕಬ್ಬಿಣದ ಮಾತ್ರೆಗೆ ಆ ಚಂದ ಎಲ್ಲಿಂದ?

ದಿನಕ್ಕೆ ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ ಹೆಂಗಸರಿಗೆ 7.5, ಗಂಡಸರಿಗೆ 10 ಮಿಲಿಗ್ರಾಂ ಎಂದಿದೆ. ಅಮೆರಿಕದವರ ಲೆಕ್ಕ 15, ಎದೆಹಾಲುಣಿಸುವ ತಾಯಿಗೆ 19. ದೊಡ್ಡ ಲೆಕ್ಕವನ್ನೇ ಹಿಡಿಯೋಣ. ನೀವು ನುಂಗುವ ಕ್ಯಾಪ್ಸೂಲಿನಲ್ಲಿರುವುದು 400 ಮಿಲಿಗ್ರಾಂ ಟೋಕೋಫೆರಿಲ್ ಅಸಿಟೇಟ್. ಅದು ಕಾರ್ಖಾನೆಯಲ್ಲಿ ಮಾಡಿದ್ದಾದರೆ ಶರೀರಕ್ಕೆ ಅರ್ಧಕ್ಕಿಂತ ಕಡಿಮೆ ಸಲ್ಲುತ್ತದೆ, ಸುಮಾರು 180 ಮಿಲಿಗ್ರಾಂ. ಆದರೂ 12 ದಿನದ್ದು ಒಂದೇ ದಿನ ಆಯಿತು. ಬಾದಾಮಿ ಲೆಕ್ಕದಲ್ಲಿ ಹೇಳಬೇಕಾದರೆ ಸುಮಾರು 700 ಗ್ರಾಂ. ಮನೆಯಲ್ಲಿ ಯಾರಾದರೂ ದಿನಾ ಮುಕ್ಕಾಲು ಕಿಲೋ ಬಾದಾಮಿ ತಿಂದರೆ ನೀವು ಸುಮ್ಮನೆ ಇರುತ್ತೀರಾ? ಕ್ಯಾಪ್ಸೂಲ್ ಚಿಕ್ಕದು, ಅದಕ್ಕೇ ಗೊತ್ತಾಗುವುದಿಲ್ಲ.

ಇದು ಎಣ್ಣೆಯಲ್ಲಿ ಕರಗುವ ವಿಟಮಿನ್. ಬಿ, ಸಿ ಹಾಗೆ ಜಾಸ್ತಿಯಾದದ್ದು ಬೇಗ ಮೂತ್ರದಲ್ಲಿ ಹೋಗಿಬಿಡುವುದಿಲ್ಲ.

ಊಟದಲ್ಲೇ ಎಷ್ಟು ಸಿಗುತ್ತದೆ ನೋಡಿ. ಒಂದು ಮುಷ್ಟಿ ನೆಲಗಡಲೆ, ಎಂದರೆ 30 ಗ್ರಾಂನಲ್ಲಿ ಎರಡೂವರೆ ಮಿಲಿಗ್ರಾಂ. ಹತ್ತು ಬಾದಾಮಿಯಲ್ಲಿ ಮೂರು. ಎರಡು ಚಮಚ ಸೂರ್ಯಕಾಂತಿ ಎಣ್ಣೆಯಲ್ಲಿ ನಾಲ್ಕು. ಪಾಲಕ್ ತರಹದ ಸೊಪ್ಪು 100 ಗ್ರಾಂನಲ್ಲಿ ಎರಡು. ಮೊಟ್ಟೆ ಒಂದರಲ್ಲಿ ಅರ್ಧ. ಮೀನು ತಿನ್ನುವವರಾದರೆ ಬೂತಾಯಿಯಲ್ಲೂ ಸ್ವಲ್ಪ ಉಂಟು. ಮಾವಿನ ಹಣ್ಣಿನಲ್ಲೂ ಉಂಟು, 100 ಗ್ರಾಂಗೆ ಒಂದು ಮಿಲಿಗ್ರಾಂ ಹತ್ತಿರ. ಮೇ ತಿಂಗಳಲ್ಲಿ ಕಾಟು ಮಾವಿನ ಗೊಜ್ಜು, ಸಾಸಿವೆ ಎಂದು ನಾವು ತಿನ್ನುವುದು ನೂರು ಗ್ರಾಂಗೆ ನಿಲ್ಲುತ್ತದಾ? ಒಂದು ವಿಷಯ ಮಾತ್ರ ನಮ್ಮವರಿಗೆ ಬೇಸರವಾಗಬಹುದು. ಗೇರುಬೀಜದಲ್ಲಿ ವಿಟಮಿನ್ ಇ ಕಡಿಮೆ, 100 ಗ್ರಾಂಗೆ ಒಂದು ಮಿಲಿಗ್ರಾಂ ಕೂಡ ಇಲ್ಲ. ಬೇರೆ ಗುಣ ಅದಕ್ಕೆ ಬೇಕಾದಷ್ಟು ಉಂಟು, ಇದೊಂದು ಇಲ್ಲ.

ಸೊಪ್ಪಿನಲ್ಲಿರುವ ವಿಟಮಿನ್ ಇ ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಕೊಬ್ಬು ಬೇಕು. ಇಲ್ಲಿ ತೆಂಗಿಗೆ ಅದರ ಮರ್ಯಾದೆ ವಾಪಸ್ ಬರುತ್ತದೆ. ಹರಿವೆ ಪಲ್ಯಕ್ಕೆ ಒಂದು ಹಿಡಿ ತೆಂಗಿನತುರಿ, ನುಗ್ಗೆಸೊಪ್ಪಿಗೆ ತೆಂಗಿನೆಣ್ಣೆಯ ಒಗ್ಗರಣೆ. ನಮ್ಮ ಅಜ್ಜಿಯಂದಿರು ಲೆಕ್ಕ ಹಾಕಿ ಮಾಡಿದ್ದಲ್ಲ, ಆದರೆ ಮಾಡಿದ್ದು ಸರಿಯಾಗಿಯೇ ಇತ್ತು. ಖಾಲಿ ಹೊಟ್ಟೆಗೆ ನೀರಲ್ಲಿ ಕ್ಯಾಪ್ಸೂಲ್ ನುಂಗುವವರಿಗೆ ಅದರಲ್ಲಿ ಮೈಗೆ ಹತ್ತುವುದು ಕಡಿಮೆ.

ಎಣ್ಣೆಯನ್ನು ಹೇಗೆ ಇಡುತ್ತೀರಿ ಎನ್ನುವುದೂ ಮುಖ್ಯ. ಬೆಳಕು, ಗಾಳಿ, ಬಿಸಿ ಮೂರೂ ವಿಟಮಿನ್ ಇಯ ಶತ್ರುಗಳು. ಅಡುಗೆಮನೆಯ ಕಿಟಕಿ ಪಕ್ಕ ಬಿಸಿಲು ಬೀಳುವ ಕಡೆ ಪಾರದರ್ಶಕ ಬಾಟಲಿಯಲ್ಲಿಟ್ಟ ಎಣ್ಣೆಯಲ್ಲಿ ಅದು ದಿನದಿನಕ್ಕೆ ಕಡಿಮೆಯಾಗುತ್ತದೆ. ಹಲಸಿನ ಹಪ್ಪಳ ಕಾಯಿಸಿದ ಎಣ್ಣೆಯನ್ನೇ ಮರುದಿನ ಪೋಡಿಗೆ, ಅದರ ಮರುದಿನ ಮತ್ತೆ ಹಪ್ಪಳಕ್ಕೆ ಬಳಸಿದರೆ ಕಾವಲುಗಾರ ಮೊದಲ ದಿನವೇ ಸುಟ್ಟು ಹೋಗಿರುತ್ತಾನೆ. ಪ್ಯಾಕೆಟ್ ತಿಂಡಿಯ ಹಿಂದೆ ಸಣ್ಣ ಅಕ್ಷರದಲ್ಲಿ 306, 307 ಎಂಬ ಸಂಖ್ಯೆ ಕಂಡರೆ ಅದು ಟೋಕೋಫೆರಾಲ್, ನಮ್ಮ ವಿಟಮಿನ್ ಇಯೇ. ಎಣ್ಣೆ ಕಮಟದಿರಲಿ ಎಂದು ಹಾಕಿದ್ದು. ನಿಮ್ಮ ಆರೋಗ್ಯಕ್ಕೆಂದು ಹಾಕಿದ್ದಲ್ಲ.

ಈಗ ಕ್ಯಾಪ್ಸೂಲಿನ ದೊಡ್ಡ ಆಸೆಗಳ ಬಗ್ಗೆ. ನಾನು ಓದುವಾಗ, ಆಮೇಲೆ ಊರಲ್ಲಿ ಕ್ಲಿನಿಕ್ ಹಾಕಿದ ಹೊಸತರಲ್ಲೂ ಆಂಟಿಆಕ್ಸಿಡೆಂಟ್ ಎಂದರೆ ದೇವರ ಪ್ರಸಾದ. ಹೃದಯಾಘಾತ, ಕ್ಯಾನ್ಸರ್, ಮುಪ್ಪು ಎಲ್ಲದಕ್ಕೂ ಅದೇ. ಕಾಲು ಸೆಳೆತಕ್ಕೆ ನಾನೂ ಕೈತುಂಬ ಬರೆದುಕೊಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ದೊಡ್ಡ ದೊಡ್ಡ ಪ್ರಯೋಗಗಳ ಫಲಿತಾಂಶ ಒಂದೊಂದಾಗಿ ಬಂತು. 2000ದಲ್ಲಿ ಹೋಪ್ ಎಂಬ ಪ್ರಯೋಗ: ಹೃದಯದ ಅಪಾಯ ಇರುವ 9,500ಕ್ಕೂ ಜಾಸ್ತಿ ಜನರಲ್ಲಿ ಅರ್ಧದಷ್ಟು ಮಂದಿಗೆ ನಾಲ್ಕೂವರೆ ವರ್ಷ ದಿನಾ 400 ಯೂನಿಟ್ ಕೊಟ್ಟರು (ಕಾರ್ಖಾನೆಯಲ್ಲಿ ಮಾಡಿದ ಟೋಕೋಫೆರಿಲ್ ಅಸಿಟೇಟ್ ಆದರೆ ಒಂದು ಯೂನಿಟ್ ಎಂದರೆ ಒಂದು ಮಿಲಿಗ್ರಾಂ). ಹೃದಯಾಘಾತವೂ ಕಡಿಮೆಯಾಗಲಿಲ್ಲ, ಸಾವೂ ಕಡಿಮೆಯಾಗಲಿಲ್ಲ. ಅದೇ ಜನರಲ್ಲಿ ಮುಂದುವರಿಸಿ ನೋಡಿದಾಗ ಹೃದಯದ ಬಲ ಕುಂದುವುದು ಸ್ವಲ್ಪ ಜಾಸ್ತಿಯೇ ಕಂಡಿತು. ಸುಮಾರು 40,000 ಹೆಂಗಸರ ಮೇಲೆ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ 2005ರಲ್ಲಿ ಬಂತು, ಅಲ್ಲೂ ಹೃದಯಾಘಾತ ಮತ್ತು ಕ್ಯಾನ್ಸರ್ ತಪ್ಪಿಸುವ ಗುಣ ಕಾಣಲಿಲ್ಲ. ಸೆಲೆಕ್ಟ್ ಎಂಬ ಪ್ರಯೋಗ ಇನ್ನೂ ಬೇಸರದ್ದು. 35,000ಕ್ಕೂ ಜಾಸ್ತಿ ಗಂಡಸರು. ಪ್ರೋಸ್ಟೇಟ್ ಕ್ಯಾನ್ಸರ್ ತಡೆಯುತ್ತದೆ ಎಂದು ನಂಬಿ ಅವರಲ್ಲಿ ಕೆಲವರಿಗೆ ದಿನಾ 400 ಯೂನಿಟ್ ಕೊಟ್ಟರು. 2011ರಲ್ಲಿ ಲೆಕ್ಕ ತೆಗೆದಾಗ ವಿಟಮಿನ್ ಇ ತೆಗೆದುಕೊಂಡವರಲ್ಲಿ ಆ ಕ್ಯಾನ್ಸರ್ 17 ಶೇಕಡಾ ಜಾಸ್ತಿ ಇತ್ತು.

ಅಂದರೆ ನಿಮ್ಮ ಮಾವನವರಿಗೆ ಹೃದಯದ ಹೆಸರಲ್ಲಿ ಕೊಡುತ್ತಿದ್ದ ಪ್ರಮಾಣ ಇದೇ. ಹೃದಯಕ್ಕೆ ಲಾಭವಿಲ್ಲ, ರಕ್ತಸ್ರಾವದ ಭಯ ಬೇರೆ, ಗಂಡಸರಿಗೆ ಇನ್ನೊಂದು ಚಿಂತೆ. ಅಮೆರಿಕದ ಪುಸ್ತಕದಲ್ಲಿ 'ದಿನಕ್ಕೆ 1000 ಮಿಲಿಗ್ರಾಂ ಮೀರಬೇಡಿ' ಎಂಬ ಮಿತಿ ಉಂಟು, ಯುರೋಪಿನವರು ಅದನ್ನು 300ಕ್ಕೆ ಇಳಿಸಿದ್ದಾರೆ. 1000ದ ಮಿತಿ ತೋರಿಸಿ 'ನಾಲ್ಕು ನೂರು ಏನೂ ಅಲ್ಲ' ಎನ್ನುವವರುಂಟು. ಸೆಲೆಕ್ಟ್‌ನಲ್ಲಿ ತೊಂದರೆ ಕಂಡದ್ದು ಆ ಮಿತಿಯ ಒಳಗೇ.

ಹಾಗೆಂದು ಕ್ಯಾಪ್ಸೂಲ್ ಪೂರ್ತಿ ದಂಡ ಅಂತಲೂ ಅಲ್ಲ. ಸಕ್ಕರೆ ಕಾಯಿಲೆ ಇಲ್ಲದ, ಆದರೆ ಲಿವರಿನಲ್ಲಿ ಕೊಬ್ಬು ತುಂಬಿ ಉರಿಯೂತ ಶುರುವಾದವರಿಗೆ ದಿನಕ್ಕೆ 800 ಯೂನಿಟ್ ಕೊಟ್ಟು 2010ರಲ್ಲಿ ನೋಡಿದ್ದಾರೆ. ಸುಮಾರು ಎರಡು ವರ್ಷದಲ್ಲಿ ನೂರರಲ್ಲಿ 43 ಜನರ ಲಿವರ್ ಸುಧಾರಿಸಿತು, ಮದ್ದಿಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ 19. ಇದು ಲಿವರಿನ ಚೂರು ತೆಗೆದು ಪರೀಕ್ಷಿಸಿ ಖಚಿತ ಮಾಡಿಕೊಂಡವರ ಮಾತು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಎಂದು ನೋಡಿ ಅಂಗಡಿಯಿಂದ ತಾವೇ ತರುವವರಿಗೆ ಇದು ಅನ್ವಯಿಸುವುದಿಲ್ಲ. ಅವರಿಗೆ ಮದ್ದು ಐದಾರು ಕಿಲೋ ತೂಕ ಇಳಿಸುವುದು. ವಯಸ್ಸಾದವರ ಕಣ್ಣಿನ ನಡುಭಾಗ ಸವೆಯುವ ಒಂದು ಕಾಯಿಲೆಯಲ್ಲೂ ವಿಟಮಿನ್ ಸಿ, ಸತು ಮುಂತಾದವುಗಳ ಜೊತೆ ಸೇರಿಸಿ ಕೊಟ್ಟಾಗ ಕಾಯಿಲೆ ಮುಂದುವರಿಯುವುದು ನಿಧಾನವಾಗಿದೆ. ಅದು ಕಣ್ಣಿನ ಡಾಕ್ಟರ್ ನೋಡಿ ಹೇಳಬೇಕಾದ್ದು.

ಮಗಳ ಮುಖದ ವಿಷಯಕ್ಕೆ ಬರುತ್ತೇನೆ. ಕ್ಯಾಪ್ಸೂಲಿನೊಳಗಿನ ಟೋಕೋಫೆರಿಲ್ ಅಸಿಟೇಟ್ ಎಂದರೆ ಮುಚ್ಚಳ ಹಾಕಿದ ವಿಟಮಿನ್. ಬೇಗ ಹಾಳಾಗದಿರಲಿ ಎಂದು ಹಾಗೆ ಮಾಡಿದ್ದು. ಕರುಳಿನ ರಸ ಆ ಮುಚ್ಚಳವನ್ನು ಸುಲಭವಾಗಿ ತೆಗೆಯುತ್ತದೆ, ಚರ್ಮಕ್ಕೆ ಅದು ಅಷ್ಟು ಸುಲಭವಲ್ಲ. ಹಚ್ಚಿದ ಕೂಡಲೇ ಮುಖ ಹೊಳೆಯುವುದು ಎಣ್ಣೆ ಸವರಿದ್ದರಿಂದ. ದೋಸೆ ಕಾವಲಿಯೂ ಹೊಳೆಯುತ್ತದೆ. 1999ರಲ್ಲಿ ಶಸ್ತ್ರಚಿಕಿತ್ಸೆಯ ಗಾಯದ ಕಲೆಯ ಮೇಲೆ ಒಂದು ಪುಟ್ಟ ಪ್ರಯೋಗ ಆಯಿತು. ಹದಿನೈದೇ ಜನ. ಕಲೆಯ ಅರ್ಧ ಭಾಗಕ್ಕೆ ಬರೀ ಮುಲಾಮು, ಇನ್ನರ್ಧಕ್ಕೆ ವಿಟಮಿನ್ ಇ ಬೆರೆಸಿದ ಮುಲಾಮು. ನೂರಕ್ಕೆ 90ರಷ್ಟು ಕಡೆ ವಿಟಮಿನ್ ಇಯಿಂದ ಲಾಭವೇ ಇಲ್ಲ ಅಥವಾ ಕಲೆ ಇನ್ನೂ ಕೆಟ್ಟದಾಯಿತು. ಮೂರರಲ್ಲಿ ಒಬ್ಬರಿಗೆ ತುರಿಕೆಯ ಅಲರ್ಜಿ.

ನನ್ನ ತಂಗಿಗೂ ಹಾಗೇ ಆಯಿತು. ಮದುವೆಗೆ ಆರು ದಿನ ಇರುವಾಗ ಯಾರೋ ಹೇಳಿದರೆಂದು ಮೂರು ರಾತ್ರಿ ಹಚ್ಚಿ ಮಲಗಿದಳು. ನಾಲ್ಕನೇ ಬೆಳಗ್ಗೆ ಕೆನ್ನೆ ತುಂಬ ಕೆಂಪು ದದ್ದು, ರೆಪ್ಪೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಮದುವೆಯ ಫೋಟೋಗಳಲ್ಲಿ ಅವಳ ಮುಖ ಯಾವಾಗಲೂ ಎಡಕ್ಕೆ ತಿರುಗಿದೆ. ಬಲ ಕೆನ್ನೆ ಅಷ್ಟರೊಳಗೆ ಇಳಿದಿರಲಿಲ್ಲ.

ನಿಮ್ಮ ಮಗಳಿಗೆ ಮೊಡವೆ ಇದ್ದರೆ ಈ ದಪ್ಪ ಎಣ್ಣೆ ರಂಧ್ರ ಮುಚ್ಚಿ ಅದನ್ನು ಜಾಸ್ತಿ ಮಾಡುತ್ತದೆ. ಕಪ್ಪು ಕಲೆಯ ಚಿಂತೆ ಆದರೆ, ಕಾಲೇಜಿಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಲಿ, ಕೊಡೆ ಹಿಡಿಯಲಿ. ಚರ್ಮ ಒಡೆಯುವುದಿದ್ದರೆ ಸಾದಾ ಮಾಯಿಶ್ಚರೈಸರ್ ಸಾಕು. "ಅಮ್ಮ ಬೇಡ ಅಂದ್ರು" ಎಂದರೆ ಆ ಪ್ರಾಯದವರು ಕೇಳುವುದಿಲ್ಲ, ಈ ಪುಟವನ್ನೇ ತೋರಿಸಿ.

ಇನ್ನು ನೀವು. ನಿಮ್ಮ ಹಾಗೆ ರಾತ್ರಿ ಮೀನಖಂಡ ಹಿಡಿಯುವುದಕ್ಕೆ ವಿಟಮಿನ್ ಇ ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಎಂಟು ತಿಂಗಳು ತೆಗೆದುಕೊಂಡೂ ನೀವು ಪತ್ರದಲ್ಲಿ 'ಹಿಡಿದುಕೊಳ್ಳುತ್ತದೆ' ಎಂದೇ ಬರೆದಿದ್ದೀರಿ, ಗಮನಿಸಿದಿರಾ? ಅಡಿಕೆ ಸುಲಿಯುವ ದಿನಗಳಲ್ಲಿ ಇದು ಜಾಸ್ತಿಯಾಗುತ್ತದಾ ನೋಡಿ. ಗಂಟೆಗಟ್ಟಲೆ ಕಾಲು ಮಡಚಿ ಕೂತವರಿಗೆ ರಾತ್ರಿ ಹೀಗಾಗುವುದು ನಾನು ತುಂಬ ನೋಡಿದ್ದೇನೆ. ಮಲಗುವ ಮೊದಲು ಗೋಡೆಗೆ ಎರಡೂ ಕೈ ಊರಿ, ಒಂದು ಕಾಲನ್ನು ಹಿಂದಕ್ಕಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ ಅರ್ಧ ನಿಮಿಷ ನಿಲ್ಲಿ. ಮೀನಖಂಡ ಎಳೆದ ಹಾಗೆ ಆಗಬೇಕು. ಎರಡೂ ಕಾಲಿಗೆ ಮೂರು ಮೂರು ಸಲ. ಕೆಲವು ವಾರ ಬಿಡದೆ ಮಾಡಿ. ಬಿಪಿಗೆ ಮೂತ್ರ ಜಾಸ್ತಿ ಹೋಗುವ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ ಇದ್ದರೆ ಡಾಕ್ಟರಿಗೆ ಹೇಳಿ.

ಕೂದಲಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಥೈರಾಯ್ಡ್. ನಿಮ್ಮ ಪ್ರಾಯದಲ್ಲಿ ಮುಟ್ಟಿನ ರಕ್ತ ಜಾಸ್ತಿ ಹೋಗುವುದುಂಟು, ಕಬ್ಬಿಣ ಅದರಲ್ಲೇ ಖಾಲಿಯಾಗುತ್ತದೆ. ಹಾಗೇ ಆಗುತ್ತಿದ್ದರೆ ಹೆಂಗಸರ ಡಾಕ್ಟರಿಗೂ ತೋರಿಸಿ. ಉದುರಲು ಶುರುವಾಗುವ ಎರಡು ಮೂರು ತಿಂಗಳ ಮೊದಲು ಡೆಂಗಿಯೋ ಬೇರೆ ಜೋರು ಜ್ವರವೋ ಬಂದಿತ್ತಾ ನೆನಪು ಮಾಡಿಕೊಳ್ಳಿ. ಅಂಥ ಉದುರುವಿಕೆ ತಾನಾಗಿಯೇ ನಿಲ್ಲುತ್ತದೆ. ಹಾಗೆ ನಿಂತಾಗ ಹೆಸರು ಬರುವುದು ಆ ಹೊತ್ತಿಗೆ ನುಂಗುತ್ತಿದ್ದ ಕ್ಯಾಪ್ಸೂಲಿಗೆ!

ನೀವು ಕ್ಯಾಪ್ಸೂಲನ್ನು ನಾಳೆಯಿಂದಲೇ ಬಿಡಬಹುದು. ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಬೇಕಾದ್ದಿಲ್ಲ, ಬಿಟ್ಟರೆ ತೊಂದರೆಯೂ ಇಲ್ಲ. ಮುಂದೆ ಯಾವಾಗಲಾದರೂ ಯಾರಾದರೂ ಡಾಕ್ಟರ್ ಬರೆದುಕೊಟ್ಟರೆ ಯಾಕೆ, ಎಷ್ಟು ದಿನ ಎಂದು ಕೇಳಿ. ಹಲ್ಲು ಕೀಳಿಸುವುದು, ಆಪರೇಷನ್ ಇದ್ದರೆ ತೆಗೆದುಕೊಳ್ಳುತ್ತಿರುವುದನ್ನು ಮೊದಲೇ ಹೇಳಿ. ನಮ್ಮ ಗಡಿಯಲ್ಲಿ ಇನ್ನೊಂದು ತಾಪತ್ರಯ ಉಂಟಲ್ಲ, ಸ್ಟ್ರಿಪ್ಪಿನ ಮೇಲೆ ಇಂಗ್ಲಿಷು, ಅಂಗಡಿಯವರು ಹೇಳುವುದು ಮಲಯಾಳದಲ್ಲಿ, ಮನೆಯಲ್ಲಿ ಹಿರಿಯರಿಗೆ ಬರುವುದು ಕನ್ನಡ, ತುಳು. ಮಾವನವರ ಮಾತ್ರೆಗಳ ಹೆಸರು, ಯಾವ ಹೊತ್ತಿಗೆ, ಯಾವುದಕ್ಕೆ ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ. ಮಂಗಳೂರಿಗೆ ಹೋಗುವಾಗ ಅದರ ಫೋಟೋ ಮೊಬೈಲಿನಲ್ಲಿರಲಿ.

ಉಳಿದ ಎರಡು ಸ್ಟ್ರಿಪ್? ಕತ್ತರಿಸದೆ ಇದ್ದರೆ, ಬಿಲ್ಲು ಇದ್ದರೆ ಅಂಗಡಿಯಲ್ಲಿ ಕೇಳಿ ನೋಡಿ, ಕೆಲವರು ವಾಪಸ್ ತೆಗೆದುಕೊಳ್ಳುತ್ತಾರೆ. ಇಲ್ಲವಾದರೆ ಬಿಸಾಡಿ. ಪಕ್ಕದ ಮನೆಯವರಿಗೆ ಮಾತ್ರ ಕೊಡಬೇಡಿ, ಅವರ ಮನೆಯಲ್ಲೂ ಒಬ್ಬರು ಮಾವ ಇರಬಹುದು.